ನೀಲಿ ಬೆರಳು

ಡಿಸೆಂಬರಿನ ಮೊದಲ ಚಳಿಗೆ
ಟಮಾಟರನ ಮೈತುಂಬ ಬಿಳಿ ಚುಕ್ಕಿ,
ಯಾರೋ ಉಪ್ಪು ಉದುರಿಸಿ ತಿನ್ನಲು ಮರೆತ ಹಾಗೆ.
ಹೆಸರಿಟ್ಟವಳು ಮಗಳು ಪ್ರಾಪ್ತಿ; ಐದು ವರ್ಷದವಳಿಗೆ
ಕೆಂಪಗೆ ದುಂಡಗಿರುವುದೆಲ್ಲ ಟಮಾಟರ್.
ಗಾಜಿಗೆ, ಕಲ್ಲಿಗೆ, ಪ್ಲಾಸ್ಟಿಕ್ ಕೋಟೆಯ ಬಾಗಿಲಿಗೆ
ಮೈ ಉಜ್ಜುತ್ತಿತ್ತು ಮೀನು.
ತುರಿಸಿಕೊಳ್ಳಲು ಕೈ ಬೇಕು. ಅದಕ್ಕಿಲ್ಲ.

ನಾನು ಜೋಗೇಶ್ವರಿಯ ಔಷಧದಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಪಟ್ಟಿ ಕತ್ತರಿಸಿ ಮಾತ್ರೆ ಕೊಡುವವಳು.
ಚೀಟಿಯಿಲ್ಲದ ಯಾವುದನ್ನೂ ನಂಬುವುದಿಲ್ಲ.
ಕುರ್ಲಾಕ್ಕೆ ಹೋದೆ. ಮೀನಂಗಡಿಯ ನೌಶಾದ್
ಬೆರಳುದ್ದದ ಬಾಟಲಿ ಕೊಟ್ಟ, ನೀಲಿ ಮದ್ದು:
ಹನಿ ಎಣಿಸಿ ಹಾಕಿ, ದೀಪ ಆರಿಸಿ,
ಫಿಲ್ಟರಿನ ಇದ್ದಿಲು ತೆಗೆದಿಡಿ,
ಇಲ್ಲದಿದ್ದರೆ ಮದ್ದೆಲ್ಲ ಇದ್ದಿಲೇ ಕುಡಿಯುತ್ತದೆ.
ಎಕ್ಸ್‌ಪೈರಿ ನೋಡಿದೆ. ಬಿಲ್ಲು ಕೇಳಿದೆ. ನಕ್ಕ.

ವಾರಿಜ ಮಾಮಿ ಬಾಟಲಿಯನ್ನು ಬೆಳಕಿಗೆ ಹಿಡಿದರು.
“ಶಾಯಿ ಕುಡಿಸಿ ಗುಣ ಮಾಡುವುದುಂಟಾ?”
ಸಂಜೆ ರಸ್ತೆಬದಿಯ ಬಾದಾಮಿ ಮರದಡಿ
ಕೆಂಪಾಗಿ ತಾನಾಗಿ ಬಿದ್ದ ಎಲೆಗಳನ್ನೇ ಹೆಕ್ಕಿದರು.
ಹಸಿರಿದ್ದದ್ದು ಬೇಡ, ನಾಯಿ ಮುಟ್ಟಿದ್ದು ಬೇಡ,
ರಿಕ್ಷಾದ ಎಣ್ಣೆ ತಾಗಿದ್ದು ಬೇಡ.
ತೊಳೆದು, ಒಣಗಿಸಿ, ಚಹಾದಂತೆ ಕುದಿಸಿ, ಸೋಸಿ,
ಒಂದೆಸಳು ಬೆಳ್ಳುಳ್ಳಿ ಜಜ್ಜಿ ಮೀನಿನ ಕಾಳಿಗೆ ಸವರಿ,
ಅರಸಿನಕ್ಕೂ ಕೈ ಹಾಕಿದಾಗ
ನಾನು ಡಬ್ಬಿ ಎಳೆದುಕೊಂಡೆ:
“ಅರಸಿನ ಹಾಕಿದರೆ ಸಾರಾಗುತ್ತದೆ ಮಾಮಿ.”
ಇಬ್ಬರಿಗೂ ನಗು ಬಂತು. ಆಮೇಲೆ ಇಬ್ಬರಿಗೂ ಸಿಟ್ಟು.

ಮಲ್ಪೆಯ ಹುಡುಗಿ ಅವರು. ಮೂವತ್ತು ವರ್ಷ
ಕತ್ತಲಲ್ಲೇ ಸಸೂನ್ ಡಾಕಿನಲ್ಲಿ ಬುಟ್ಟಿ ತುಂಬಿ
ಲೋಕಲಿನ ಲಗೇಜು ಡಬ್ಬಿಯಲ್ಲಿ ನಿಂತು ಬಂದವರು.
ಕಿವಿರು ಎತ್ತಿ ನೋಡಿದರೆ ಸಾಕು,
ಯಾವ ದಿನ ಸತ್ತದ್ದೆಂದು ಹೇಳುತ್ತಾರೆ.
ಈಗ ಅದೇ ಹೆಬ್ಬೆರಳನ್ನು ಗಾಜಿಗೊತ್ತಿ
ಬದುಕಿರುವ ಕಿವಿರೊಂದರ ಬಡಿತ ಎಣಿಸುತ್ತಿದ್ದಾರೆ:
“ಉಸಿರು ಜೋರಾಗಿದೆ. ನಿನ್ನ ನೀಲಿಯಿಂದಲೇ.”

ಬೆಳಿಗ್ಗೆ ನನ್ನ ಹನಿ, ಎಣಿಸಿ.
ನಾನು ಹೊರಟ ಮೇಲೆ ಅವರ ಲೋಟ, ಎಣಿಸದೆ.
ಮೂರನೆಯ ದಿನಕ್ಕೆ ನೀರು
ನೀಲಿಯೂ ಅಲ್ಲ, ಕಂದೂ ಅಲ್ಲ,
ನೇರ ಮೀಠಿ ನದಿಯಿಂದ ತಂದ ಹಾಗೆ.
“ಟಮಾಟರ್ ಎಲ್ಲಿ?” ಎಂದಳು ಪ್ರಾಪ್ತಿ.
ಟಾರ್ಚು ಬಿಟ್ಟು ಹುಡುಕಿದೆವು.

ಫೋನಿನಲ್ಲಿ ನೌಶಾದ್ ಹೇಳಿದ:
ಚುಕ್ಕಿ ಮೈಮೇಲಿರುವಾಗ ಯಾವ ಮದ್ದೂ ತಾಗದು.
ಅದು ಬಲಿತು, ಕಳಚಿ ಬಿದ್ದು, ನೂರಾಗಿ ಒಡೆದು
ಇನ್ನೊಂದು ಮೈ ಹುಡುಕುತ್ತ ಈಜುವಾಗಲಷ್ಟೇ
ಕೊಲ್ಲಬಹುದು. ಕಾಯಿರಿ.
“ಅದು ನನಗೆ ಗೊತ್ತಿತ್ತು” ಎಂದರು ಮಾಮಿ.
ಗೊತ್ತಿರಲಿಲ್ಲ. ನನಗೂ.
ಕೌಂಟರಿನಾಚೆ ನಿಂತವರಿಗೆ
ಕಾಯಿರಿ ಎಂಬುದನ್ನು ನಾನೆಂದೂ ಕೊಟ್ಟವಳಲ್ಲ.

ಕಾದೆವು. ಅರ್ಧ ನೀರು ಬದಲಿಸಿ, ಮತ್ತೆ ಕಾದೆವು.
ಅವರು ಲೋಟ ತೊಳೆದಿಟ್ಟದ್ದು ನೋಡಿದೆ,
ನಾನು ಬಾಟಲಿಯ ಮುಚ್ಚಳ ಬಿಗಿದದ್ದು ಅವರೂ ನೋಡಿರಬೇಕು.

ಒಂಬತ್ತನೆಯ ಬೆಳಿಗ್ಗೆ ಟಮಾಟರ್
ಒಂದೂ ಚುಕ್ಕಿಯಿಲ್ಲದೆ ಕಾಳಿಗೆ ಬಾಯಿ ಹಾಕಿತು.
ಕೋಟೆಯ ಹಿಂದೆ, ಯಾರೂ ಹೆಸರಿಡದ
ಸಣ್ಣ ಮೀಸೆಮೀನು ಮಗುಚಿಕೊಂಡಿತ್ತು.
ಪರೆಯಿಲ್ಲದ ಮೈ, ನಮ್ಮದೆಲ್ಲವನ್ನೂ ಹಾಗೇ ಕುಡಿದಿತ್ತು.
ಬದುಕಿದ್ದಕ್ಕೆ ಇಬ್ಬರ ಹತ್ತಿರವೂ ಕಾರಣವಿತ್ತು.
ಇದಕ್ಕೆ ಯಾರೂ ಮಾತಾಡಲಿಲ್ಲ.
ಮಾಮಿ ಬಾದಾಮಿ ಎಲೆಯಲ್ಲಿ ಸುತ್ತಿ
ಕರಿಬೇವಿನ ಕುಂಡದಲ್ಲಿ ಮುಚ್ಚಿದರು.

ಭಾನುವಾರ ಮಾರ್ಕೆಟಿನಲ್ಲಿ ಕೋಳಿ ಹೆಂಗಸು
ನನ್ನ ಬೆರಳು ಹಿಡಿದು ನೋಡಿದಳು,
ಉಗುರಿನ ಸುತ್ತ ಇನ್ನೂ ಹೋಗದ ನೀಲಿ.
“ಓಟು ಹಾಕಿ ಬಂದ್ಯಾ ಬಾಯಿ? ಯಾರಿಗೆ?”
ಮಾಮಿ ಬಂಗುಡೆಯ ಕಿವಿರು ಎತ್ತಿದರು,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದರು.
ಆರು ಕೊಂಡರು.
ಚೌಕಾಸಿ ಮಾತ್ರ ಮಾಡಲಿಲ್ಲ.